‘ನನ್ನ ನಿರ್ಲಕ್ಷ್ಯದಿಂದ’ ಎಂದು ಬರೆದುಕೊಡಲೇ? – ಲೇಬರ್ ವಾರ್ಡ್ ನರ್ಸ್ ಒಬ್ಬರ ಪ್ರಕರಣ

ಗುರುತು ಸಿಗದ ಹಾಗೆ ವಯಸ್ಸು, ಊರು, ಮನೆಯ ವಿವರ ಬದಲಾಯಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರಿಗೆ ಮೂವತ್ತರ ಆಸುಪಾಸು. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿದವರು. ಮಧ್ಯ ಕರ್ನಾಟಕದ ಊರೊಂದರಲ್ಲಿ, ಅರವತ್ತು ಹಾಸಿಗೆಯ ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಮೂರು ವರ್ಷದ ಮಗಳು. ಇಲ್ಲಿ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರೇ ಕೇಳಿದ್ದು ಇಷ್ಟು: “ಮೇಡಂ, ನನಗೆ ಧೈರ್ಯ ಜಾಸ್ತಿ ಆಗೋ ಹಾಗೆ ಏನಾದ್ರೂ ಹೇಳಿಕೊಡಿ. ಬೇರೆಯವರೆಲ್ಲ ಮಾಡ್ತಿದ್ದಾರೆ. ನನ್ನಿಂದ ಮಾತ್ರ ಆಗ್ತಿಲ್ಲ.”

ನಿದ್ದೆ ಕೆಟ್ಟಿತ್ತು. ಹಗಲು ಕಣ್ಣು ಮುಚ್ಚಿದರೂ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಸದ್ದು ಕಿವಿಯಲ್ಲಿ. ಮಗಳು ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ಎದ್ದೆದ್ದು ನೋಡುತ್ತಿದ್ದರು. ಡ್ಯೂಟಿಯಲ್ಲಿ ಹೆರಿಗೆಯಾದ ತಾಯಂದಿರಿಗೆ ರಕ್ತಸ್ರಾವ ಎಷ್ಟಿದೆ ಎಂದು ಪ್ಯಾಡ್ ಅನ್ನು ಬೇಕಿದ್ದಕ್ಕಿಂತ ಎಷ್ಟೋ ಸಲ ಜಾಸ್ತಿ ನೋಡುತ್ತಿದ್ದರು. ನೈಟ್ ಮುಗಿಸಿ ಬಂದು ಮಲಗಿದರೆ ಅತ್ತೆಯ ಗೊಣಗಾಟ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ. “ಸಾಯಬೇಕು ಅಂತಲ್ಲ. ಬೆಳಗಾಗದಿದ್ರೆ ಚೆನ್ನಾಗಿತ್ತು ಅನ್ನಿಸುತ್ತೆ,” ಎಂದರು. ಈ ಮಾತನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದೇ ವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಡ್ಯೂಟಿ ಮಾಡುವವರಿಗೆ ಇಂಥದ್ದು ಬೇಕೇ ಬೇಕು.

ಆಮೇಲೆ ಆ ರಾತ್ರಿಯ ಕಥೆ ಹೊರಗೆ ಬಂತು.

ಲೇಬರ್ ವಾರ್ಡಿನಲ್ಲಿ ಮೂವರು ಹೆಂಗಸರು. ಒಬ್ಬರಿಗೆ ಆಗಷ್ಟೇ ಹೆರಿಗೆಯಾಗಿದೆ. ಇನ್ನೊಬ್ಬರು ಮಗು ಹೊರಬರಲು ಮುಕ್ಕುತ್ತಿದ್ದಾರೆ. ಮೂರನೆಯವರಿಗೆ ನೋವು ಬರಿಸುವ ಡ್ರಿಪ್ ಹಾಕಿದೆ. ಡಾಕ್ಟರ್ ಪಕ್ಕದ ಥಿಯೇಟರಿನಲ್ಲಿ ಸಿಸೇರಿಯನ್ ಮಾಡುತ್ತಿದ್ದಾರೆ, ಇದ್ದ ಇನ್ನೊಬ್ಬ ನರ್ಸ್ ಅವರ ಜೊತೆ. ಹೊರಗೆ ಉಳಿದವರು ಸಿಸ್ಟರ್ ಮತ್ತು ಒಬ್ಬ ಆಯಾ. ಮುಕ್ಕುತ್ತಿದ್ದವರ ಮಗುವಿನ ಎದೆಬಡಿತ ಇಳಿಯಿತು. ಸಿಸ್ಟರ್ ಅವರನ್ನು ಬಿಟ್ಟು ಕದಲಲಿಲ್ಲ. ಮಗು ಹುಟ್ಟಿತು, ತಡವಾಗಿ ಅತ್ತಿತು. ಅಷ್ಟರಲ್ಲಿ ಆಯಾ ಕೂಗಿದರು. ಮೊದಲ ತಾಯಿಯ ಕೆಳಗಿನ ಹಾಸು ರಕ್ತದಲ್ಲಿ ಪೂರ್ತಿ ಒದ್ದೆ. ಅವರನ್ನು ನೋಡಿ ಇಪ್ಪತ್ತು ನಿಮಿಷ ದಾಟಿತ್ತು.

ಸಿಸ್ಟರ್ ಆಮೇಲೆ ಮಾಡಿದ್ದೆಲ್ಲ ಸರಿಯಾಗಿತ್ತು. ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜಿದರು, ಅದು ಬಿಗಿಯಾಗಲು ಆಕ್ಸಿಟೋಸಿನ್ ಕೊಟ್ಟರು, ಎರಡು ಕಡೆ ಡ್ರಿಪ್ ಏರಿಸಿದರು, ಡಾಕ್ಟರನ್ನು ಕೂಗಿದರು, ಆಂಬುಲೆನ್ಸ್ ಕರೆಸಿದರು. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ತಾಯಿ, ಮಗು ಇಬ್ಬರೂ ಚೆನ್ನಾಗಿ ಮನೆಗೆ ಹೋದರು. ಆದರೆ ಸಿಸ್ಟರ್ ಮನಸ್ಸು ಆ ಇಪ್ಪತ್ತು ನಿಮಿಷದಲ್ಲೇ ನಿಂತುಬಿಟ್ಟಿತ್ತು.

ಅವರಿಗೆ ಸಮಾಧಾನ ಹೇಳುವ ಬದಲು ಒಂದು ಹಾಳೆ ಕೊಟ್ಟೆ. ಆ ಒಂದು ಗಂಟೆಯಲ್ಲಿ ನಿಯಮದ ಪ್ರಕಾರ ಏನೇನು ಮಾಡಬೇಕಿತ್ತು, ಬರೆಯಿರಿ ಎಂದೆ. ಅವರೇ ಬರೆದರು. ಮುಕ್ಕುವ ಹಂತದಲ್ಲಿ ಪ್ರತಿ 5 ನಿಮಿಷಕ್ಕೆ ಎದೆಬಡಿತ, ಅಂದರೆ ಗಂಟೆಗೆ 12 ಸಲ. ಹೆರಿಗೆಯಾದವರನ್ನು ಮೊದಲ 2 ಗಂಟೆ ಪ್ರತಿ 15 ನಿಮಿಷಕ್ಕೆ, ಅಂದರೆ ಗಂಟೆಗೆ 4 ಸಲ. ನೋವು ತಿನ್ನುತ್ತಿರುವವರಿಗೆ ಕಡಿಮೆ ಅಂದರೂ ಅರ್ಧ ಗಂಟೆಗೊಮ್ಮೆ, ಡ್ರಿಪ್ ಇದ್ದರೆ ಇನ್ನೂ ಜಾಸ್ತಿ. ಇದರ ಮಧ್ಯೆ ಒಂದು ಹೆರಿಗೆ, ಒಂದು ಹಸುಗೂಸು, ಹೊರಗೆ ಕಾದ ಮನೆಯವರು, ತುಂಬಬೇಕಾದ ಫೈಲು. ಹಾಳೆ ನೋಡುತ್ತಾ ಸಿಸ್ಟರ್ ಸುಮ್ಮನಾದರು. “ಇದು ಒಬ್ಬರ ಕೈಲಿ ಆಗಲ್ಲ ಅಲ್ವಾ?” ಎಂದರು. ಆಗಲ್ಲ. ಲೇಬರ್ ಟೇಬಲ್, ಅಂದರೆ ಹೆರಿಗೆ ಮಂಚ ಒಂದಕ್ಕೆ ಒಬ್ಬ ನರ್ಸ್ ಇರಬೇಕು ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವೇ ಹೇಳುತ್ತದೆ.

ರೋಸ್ಟರಿನ, ಅಂದರೆ ಡ್ಯೂಟಿ ಪಟ್ಟಿಯ ಲೆಕ್ಕವನ್ನೂ ಹಾಕಿಸಿದೆ. ವಾರಕ್ಕೆ 168 ಗಂಟೆ. ಒಬ್ಬರ ಕೆಲಸ ವಾರಕ್ಕೆ 48 ಗಂಟೆ. ಒಂದೇ ಒಂದು ಜಾಗ ಹಗಲೂ ರಾತ್ರಿ ಖಾಲಿ ಬೀಳದಿರಲು ಮೂರೂವರೆ ಜನ ಬೇಕು. ರಜೆಗೆಂದು ಶೇ. 30 ಸೇರಿಸಿದರೆ ನಾಲ್ಕೂವರೆ ದಾಟುತ್ತದೆ. ಇವರ ಲೇಬರ್ ವಾರ್ಡಿಗೆ ಇದ್ದವರು ಮೂವರು. ಯಾರೂ ರಜೆ ಹಾಕದಿದ್ದರೂ, ಯಾರಿಗೂ ಜ್ವರ ಬರದಿದ್ದರೂ, ವಾರಕ್ಕೆ 24 ಗಂಟೆ ಕೊರತೆ. ಡಬಲ್ ಡ್ಯೂಟಿ ಬರುವುದು ಅಲ್ಲಿಂದ. ಯಾರೋ ರಜೆ ಹಾಕಿದರೆ ಉಳಿದವರು ಅವರ ಮೇಲೆ ಸಿಟ್ಟಾಗುತ್ತಾರೆ. ರೋಸ್ಟರ್ ಮೊದಲ ದಿನದಿಂದಲೇ ತಪ್ಪು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಿಸ್ಟರ್‌ಗೆ ಧೈರ್ಯದ ಕೊರತೆ ಇರಲಿಲ್ಲ. ಜನರ ಕೊರತೆಯನ್ನು ಒಬ್ಬರ ಎದೆಯ ಮೇಲೆ ಹೊರಿಸಲಾಗಿತ್ತು. 1984ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರೂ ಜೇಮ್‌ಟನ್ ನರ್ಸಿಂಗ್ ನೀತಿಯ ಬಗ್ಗೆ ಬರೆಯುತ್ತಾ ಇದನ್ನೇ ಗುರುತಿಸಿದರು: ಏನು ಮಾಡಬೇಕೆಂದು ಗೊತ್ತಿದೆ, ಕೆಲಸದ ಜಾಗ ಮಾಡಲು ಬಿಡುವುದಿಲ್ಲ, ಆ ಸಂಕಟ ಒಳಗೇ ಉಳಿಯುತ್ತದೆ. ಇದಕ್ಕೆ ಉಸಿರಾಟದ ವ್ಯಾಯಾಮ ಮಾತ್ರ ಹೇಳಿ ಕಳಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆ ಆಸ್ಪತ್ರೆ ಮಾಡಿದ್ದು ಅದನ್ನೇ. ಘಟನೆಯ ಮುಂದಿನ ವಾರ ಒತ್ತಡ ನಿಭಾಯಿಸುವುದು ಹೇಗೆ ಎಂಬ ಉಪನ್ಯಾಸ ಇಟ್ಟರು. ನೈಟ್ ಮುಗಿಸಿದವರನ್ನು ಮನೆಗೆ ಕಳಿಸದೆ ಕೂರಿಸಿದರು.

ಇನ್ನೊಂದು ಸಂಗತಿ ತುರ್ತಾಗಿತ್ತು. ಆಡಳಿತದವರು ಮೆಮೊ ಕೊಟ್ಟಿದ್ದರು. ‘ನನ್ನ ನಿರ್ಲಕ್ಷ್ಯದಿಂದ ಹೀಗಾಯಿತು, ಕ್ಷಮಿಸಿ’ ಎಂದು ಬರೆದುಕೊಡಬೇಕಂತೆ. ಕೊಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂಬ ಮಾತು ಬೇರೆ. ಸಿಸ್ಟರ್ ಬರೆದುಕೊಡಲು ತಯಾರಾಗಿದ್ದರು. ಅಪರಾಧಿ ಭಾವ ತುಂಬಿದವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ.

ನಾನು ಹೇಳಿದ್ದು ಹೀಗೆ. ಆ ವಾಕ್ಯ ಬರೆಯಬೇಡಿ. ಸುಳ್ಳನ್ನೂ ಬರೆಯಬೇಡಿ. ಎಷ್ಟು ಗಂಟೆಗೆ ಏನಾಯಿತು, ವಾರ್ಡಿನಲ್ಲಿ ಎಷ್ಟು ತಾಯಂದಿರಿದ್ದರು, ಎಷ್ಟು ನರ್ಸ್ ಇದ್ದರು, ಯಾರನ್ನು ಯಾವಾಗ ಕರೆದಿರಿ, ಇಷ್ಟನ್ನೇ ಬರೆಯಿರಿ. ತಾಯಿಯನ್ನು ನೋಡುವುದು ತಡವಾಯಿತು ಎಂಬುದನ್ನೂ ಬರೆಯಿರಿ. ಯಾಕೆ ತಡವಾಯಿತು ಎಂಬುದನ್ನೂ ಬರೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೊಡುವ ಮೊದಲು ವಕೀಲರಿಗೆ ತೋರಿಸಿ. ನಾನು ವಕೀಲೆಯಲ್ಲ. ಆದರೆ ನಮ್ಮ ದೇಶದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಎಷ್ಟೋ ನರ್ಸ್‌ಗಳಿಗೆ ಇದು ಗೊತ್ತೇ ಇಲ್ಲ.

ಆ ರಾತ್ರಿ ರೋಗಿಯ ಕಡೆಯವರೊಬ್ಬರು ಸಿಸ್ಟರ್ ಕೈ ಹಿಡಿದು ಎಳೆದು ತಳ್ಳಿದ್ದರು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ ಎಂದು ತಿಳಿಸಿದೆ. “ಬೇಡ ಮೇಡಂ, ಅವರು ಹೆದರಿದ್ದರು,” ಎಂದರು. ಅದು ಅವರ ತೀರ್ಮಾನ. ನಾನು ಒತ್ತಾಯ ಮಾಡಲಿಲ್ಲ.

ನಿದ್ದೆಯ ವಿಷಯದಲ್ಲಿ ಹೇಳಿದ್ದು ಸಣ್ಣ ಸಣ್ಣ ಮಾತು. ನೈಟ್‌ಗೆ ಹೋಗುವ ಮೊದಲು ಸ್ವಲ್ಪ ಮಲಗಿ. ನಡುರಾತ್ರಿ ದಾಟಿದ ಮೇಲೆ ಕಾಫಿ ಬೇಡ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಡಬಲ್ ಡ್ಯೂಟಿ ಮುಗಿಸಿ ಸ್ಕೂಟಿ ಓಡಿಸಬೇಡಿ, ಗಂಡ ಬಂದು ಕರೆದೊಯ್ಯಲಿ. ಗಂಡನನ್ನೂ ಒಮ್ಮೆ ಕರೆಸಿ ಮಾತಾಡಿದೆ. ಒಳ್ಳೆಯ ಮನುಷ್ಯ. ಹೆಂಡತಿ ರಾತ್ರಿಯಿಡೀ ಕೂತಿರುತ್ತಾಳೆ, ನಡುವೆ ನಿದ್ದೆಯೂ ಆಗುತ್ತದೆ ಎಂದೇ ಅವರು ತಿಳಿದಿದ್ದರು. ಸಿಸ್ಟರ್ ಬರೆದ ಹಾಳೆಯನ್ನು ಓದಲು ಕೊಟ್ಟೆ. ಅವರೇ ಹೋಗಿ ತಾಯಿಗೆ ಹೇಳಿದರು. ನೈಟ್ ಇರುವ ವಾರ ಮಗಳ ಬೆಳಗಿನ ಕೆಲಸವೆಲ್ಲ ಈಗ ಗಂಡನದ್ದೇ.

ಕೆಲಸ ಬಿಟ್ಟುಬಿಡಲೇ ಎಂಬ ಪ್ರಶ್ನೆ ಉಳಿದಿತ್ತು. ಸಂಬಳ ತಿಂಗಳಿಗೆ 13 ಸಾವಿರ. ಸುಪ್ರೀಂ ಕೋರ್ಟ್ ಸೂಚನೆಯ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಖಾಸಗಿ ನರ್ಸ್‌ಗಳ ಸಂಬಳಕ್ಕೆ ಶಿಫಾರಸು ಮಾಡಿತ್ತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20 ಸಾವಿರಕ್ಕೆ ಕಡಿಮೆ ಇರಬಾರದು. 50ರಿಂದ 100 ಹಾಸಿಗೆ ಇದ್ದರೆ ಸರ್ಕಾರಿ ನರ್ಸ್ ಸಂಬಳದ ಶೇ. 75ಕ್ಕಿಂತ ಕಡಿಮೆ ಆಗಬಾರದು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ಸಿಸ್ಟರ್ ಆ ಶಿಫಾರಸಿನ ಹೆಸರನ್ನೇ ಕೇಳಿರಲಿಲ್ಲ.

ನರ್ಸ್ ಸಿಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಮಂದಿ ಬೇಕಿತ್ತು. ಕೊರತೆ ನಿಜ. ಆದರೆ ನಮ್ಮ ರಾಜ್ಯದ ತುಂಬ ನರ್ಸಿಂಗ್ ಕಾಲೇಜುಗಳಿವೆ, ಕೇರಳದಿಂದಲೂ ಇಲ್ಲಿಗೆ ಬಂದು ಓದುತ್ತಾರೆ. ಓದಿದವರು ಎಲ್ಲಿ ಹೋದರು? ಸಿಸ್ಟರ್ ಜೊತೆ ಓದಿದವರಲ್ಲಿ ಹಲವರು ಗಲ್ಫ್‌ನಲ್ಲಿದ್ದಾರೆ. ಕೆಲವರು ಮಗುವಾದ ಮೇಲೆ ಮನೆಯಲ್ಲೇ ಉಳಿದಿದ್ದಾರೆ. ಒಬ್ಬರು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಾರೆ, ಸಂಬಳ ಹೆಚ್ಚುಕಡಿಮೆ ಇಷ್ಟೇ, ನೈಟ್ ಇಲ್ಲ. ಹದಿಮೂರು ಸಾವಿರಕ್ಕೆ ಮೂರು ಟೇಬಲ್ ನೋಡಲು ಯಾರೂ ಸಿಗುತ್ತಿಲ್ಲ, ಅಷ್ಟೇ.

ಸಿಸ್ಟರ್‌ಗೂ ಒಬ್ಬ ಏಜೆಂಟ್ ಸಿಕ್ಕಿದ್ದ. ಜರ್ಮನಿ, ಮೂರು ತಿಂಗಳಲ್ಲಿ ಕೆಲಸ, ಮೂರೂವರೆ ಲಕ್ಷ ಕೊಡಿ ಅಂದಿದ್ದ. ಒಡವೆ ಅಡ ಇಡುವ ಮಾತು ನಡೆದಿತ್ತು. ಹೊರದೇಶಕ್ಕೆ ಹೋಗುವುದು ತಪ್ಪಲ್ಲ, ಹೋಗಬೇಕೆನಿಸಿದರೆ ಹೋಗಿ ಎಂದೆ. ಆದರೆ ಜರ್ಮನಿಯಲ್ಲಿ ನರ್ಸ್ ಎಂಬ ಮಾನ್ಯತೆಗೆ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2, ಅಂದರೆ ಸರಾಗವಾಗಿ ಮಾತಾಡುವ ಮಟ್ಟ ಬೇಕು. ಅದು ಮೂರು ತಿಂಗಳ ಮಾತಲ್ಲ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಆ ಏಜೆಂಟ್ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಒಡವೆ ಉಳಿಯಿತು.

ಇನ್ನೊಂದು ತೊಡಕಿತ್ತು. ಸೇರುವಾಗ ಆಸ್ಪತ್ರೆಯವರು ಮೂಲ ಸರ್ಟಿಫಿಕೇಟ್‌ಗಳನ್ನು ಇಟ್ಟುಕೊಂಡಿದ್ದರು. ಓದಿನ ಸರ್ಟಿಫಿಕೇಟ್ ಒತ್ತೆ ಇಡುವ ವಸ್ತುವಲ್ಲ. ಬೇಕೆಂದು ಬಾಯಲ್ಲಿ ಕೇಳಬೇಡಿ, ಪತ್ರ ಬರೆದು ಕೇಳಿ, ಸ್ವೀಕರಿಸಿದ್ದಕ್ಕೆ ಸಹಿ ಪಡೆಯಿರಿ ಎಂದೆ. ಕೆಲಸ ಬಿಡುವ ನಿರ್ಧಾರವನ್ನು ಮಾತ್ರ ನಿದ್ದೆ ಸರಿಹೋಗುವ ತನಕ ಮುಂದೂಡಿಸಿದೆ. ಹೆದರಿಕೆಯಲ್ಲಿ ಬಿಟ್ಟರೆ, ಮುಂದೆ ಎಲ್ಲಿ ಸೇರಿದರೂ ತಾನು ಕೆಟ್ಟ ನರ್ಸ್ ಎಂಬ ನಂಬಿಕೆ ಜೊತೆಗೇ ಹೋಗುತ್ತದೆ.

ವಿವರಣೆಯನ್ನು ಸಿಸ್ಟರ್ ಗಂಟೆಗಂಟೆಯ ಲೆಕ್ಕದಲ್ಲಿ ಕೊಟ್ಟರು. ಮತ್ತೆ ಯಾರೂ ಮೆಮೊ ಕೊಡಲಿಲ್ಲ. ಸ್ವಲ್ಪ ದಿನದ ನಂತರ ಉಳಿದ ನರ್ಸ್‌ಗಳೂ ಸಹಿ ಹಾಕಿದ ಇನ್ನೊಂದು ಪತ್ರ ಹೋಯಿತು. ಅದು ಅವರದ್ದೇ ಯೋಚನೆ, ನಾನು ಓದಿ ನೋಡಿದ್ದು ಅಷ್ಟೇ. ಅದರಲ್ಲಿ ರೋಸ್ಟರಿನ ಆ 24 ಗಂಟೆಯ ಲೆಕ್ಕ ಇತ್ತು. ದೂರಿನ ಮಾತು ಒಂದೂ ಇರಲಿಲ್ಲ. ಥಿಯೇಟರ್ ನಡೆಯುವಾಗ ಮನೆಯಿಂದ ಕರೆಯಬಹುದಾದ ನರ್ಸ್ ಒಬ್ಬರ ಹೆಸರು ಪ್ರತಿ ರಾತ್ರಿಗೂ ಇರಬೇಕು, ರಾತ್ರಿ ಎರಡು ಟೇಬಲ್ ತುಂಬಿದರೆ ಮೂರನೆಯವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು, ಡಬಲ್ ಡ್ಯೂಟಿಯ ಮರುದಿನ ರಜೆ ಬೇಕು. ಮಾಲೀಕರಾದ ಡಾಕ್ಟರ್ ಮೊದಲನೆಯದಕ್ಕೂ ಮೂರನೆಯದಕ್ಕೂ ಒಪ್ಪಿದರು. ಎರಡನೆಯದಕ್ಕೆ ಇನ್ನೂ ಒಪ್ಪಿಲ್ಲ. ಸಂಬಳದ ಮಾತು ಎತ್ತಿದಾಗ ಮುಂದಿನ ವರ್ಷ ನೋಡೋಣ ಅಂದರಂತೆ.

ಸರ್ಟಿಫಿಕೇಟ್ ಕೈಗೆ ಬಂದಿದೆ. ಮನೋವೈದ್ಯರು ಮಾತ್ರೆ ಕಡಿಮೆ ಮಾಡುತ್ತಿದ್ದಾರೆ. ಸಿಸ್ಟರ್ ಈಗ ಸರ್ಕಾರಿ ನೇಮಕಾತಿಯ ಪರೀಕ್ಷೆಗೆ ಓದುತ್ತಿದ್ದಾರೆ. ಅದು ಸಿಗುವ ತನಕ ಅಲ್ಲೇ ಇರುತ್ತಾರಂತೆ. ಆ ವಾರ್ಡಿಗೆ ನಾಲ್ಕನೆಯ ನರ್ಸ್ ಇನ್ನೂ ಬಂದಿಲ್ಲ.