ಅತಿಥಿ ಕಲಾವಿದರಾಗಿ ವಿಶ್ವವಿದ್ಯಾಲಯಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಕಲಾವಿದ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮೇಳದ ತಿರುಗಾಟದಲ್ಲಿದ್ದೇನೆ. ಮಳೆಗಾಲದಲ್ಲಿ ಊರಿನ ಮಕ್ಕಳಿಗೆ ಹೆಜ್ಜೆ ಕಲಿಸುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯಗಳು ವೇತನ, ವಸತಿ ಕೊಟ್ಟು ಕಲಾವಿದರನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತವೆ ಎಂದು ಕೇಳಿದ್ದೇನೆ. ನಾನು ಓದಿರುವುದು ಪಿಯುಸಿ ತನಕ ಮಾತ್ರ, ಇಂಗ್ಲಿಷ್ ಅಷ್ಟಕ್ಕಷ್ಟೆ. ಹಿಮ್ಮೇಳವಿಲ್ಲದೆ ಒಬ್ಬನೇ ಹೋಗಿ ಮಾಡುವುದಾದರೂ ಏನು? ಅರ್ಜಿಯನ್ನು ಎಲ್ಲಿಂದ ಆರಂಭಿಸಬೇಕು?
ಯಕ್ಷಗಾನ ಕಲಾವಿದ, ಹೊನ್ನಾವರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋಗಿರುವ ಮಾತೊಂದಿದೆ: ಮಳೆಗಾಲದಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸುತ್ತೀರಿ ಎಂಬುದು. ಅರ್ಜಿಯ ಆಧಾರ ಅದೇ. ವಿಶ್ವವಿದ್ಯಾಲಯವೊಂದು ಅತಿಥಿ ಕಲಾವಿದರಿಗೆ ಮೂರು ನಾಲ್ಕು ತಿಂಗಳ ವೇತನ ಕೊಟ್ಟು ಇಟ್ಟುಕೊಳ್ಳುವುದು ಒಂದೆರಡು ಆಟಗಳನ್ನು ನೋಡುವುದಕ್ಕಲ್ಲ. ತನ್ನ ವಿದ್ಯಾರ್ಥಿಗಳು ವಾರಕ್ಕೆ ಹಲವು ಗಂಟೆ ಆ ಕಲಾವಿದರ ಎದುರು ಕುಳಿತು, ಕುಣಿದು, ಏನನ್ನಾದರೂ ಕಲಿಯಲಿ ಎಂಬುದಕ್ಕೆ. ಹೀಗಾಗಿ ಸನ್ಮಾನ, ಬಿರುದು, ಪ್ರದರ್ಶನಗಳ ಸಂಖ್ಯೆಯನ್ನೇ ನಾಲ್ಕು ಪುಟ ತುಂಬಿಸಿದ ಅರ್ಜಿಗಿಂತ, ಏನೂ ಗೊತ್ತಿಲ್ಲದ ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಯಾವ ವಾರ ಏನನ್ನು ಕಲಿಸುತ್ತೇನೆ ಎಂದು ಸ್ಪಷ್ಟವಾಗಿ ಹೇಳುವ ಎರಡು ಪುಟದ ಅರ್ಜಿ ಮೇಲು.

ಇಂಥ ಅವಕಾಶಗಳಿಗೆ ಅಲ್ಲಿ ಹಳೆಯ ಪರಂಪರೆಯೇ ಇದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜನಾಂಗೀಯ ಸಂಗೀತಶಾಸ್ತ್ರದ ವಿಭಾಗ 1962ರಲ್ಲಿ ಆರಂಭವಾಯಿತು. ನಾನಾ ದೇಶಗಳ ಕಲಾವಿದರನ್ನು ಕರೆಸಿ ಅವರಿಂದಲೇ ಪಾಠ ಹೇಳಿಸುವುದು ಅಲ್ಲಿನ ಪದ್ಧತಿ. ರುದ್ರವೀಣೆಯ ಜಿಯಾ ಮೊಹಿಯುದ್ದೀನ್ ಡಾಗರ್ 1970ರ ದಶಕದಲ್ಲಿ ಅಲ್ಲಿ ಕಲಿಸಿದ್ದರು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ಕರ್ನಾಟಕ ಸಂಗೀತದ ಪಾಠ ನಡೆಯುತ್ತಿದ್ದು, ಭರತನಾಟ್ಯದ ಬಾಲಸರಸ್ವತಿ ಮತ್ತು ಅವರ ಸೋದರರಾದ ಟಿ. ರಂಗನಾಥನ್, ಟಿ. ವಿಶ್ವನಾಥನ್ ಅಲ್ಲಿ ಕಲಿಸಿದವರು. ಆದರೆ ನಿಮಗೆ ಹೆಚ್ಚು ಹೊಂದುವುದು ಸಂಗೀತ ವಿಭಾಗವಲ್ಲ, ರಂಗಭೂಮಿ ವಿಭಾಗ ಎಂದು ನನ್ನ ಅಭಿಪ್ರಾಯ. ಹವಾಯಿ ವಿಶ್ವವಿದ್ಯಾಲಯದ ಮನೋವಾ ಕ್ಯಾಂಪಸ್‌ನ ಏಷ್ಯನ್ ರಂಗಭೂಮಿ ವಿಭಾಗದಲ್ಲಿ ಜಪಾನಿನ ಕಬುಕಿ, ಚೀನಾದ ಜಿಂಗ್‌ಜು, ಸುಮಾತ್ರಾದ ರಂದೈ ಮೊದಲಾದವುಗಳ ಹಿರಿಯ ಕಲಾವಿದರನ್ನು ಕರೆಸಿ, ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ತಾಲೀಮು ಕೊಡಿಸಿ, ಕೊನೆಗೆ ವಿದ್ಯಾರ್ಥಿಗಳೇ ಇಂಗ್ಲಿಷಿನಲ್ಲಿ ಆಡುವಂತೆ ಮಾಡಿದ ಪ್ರಯೋಗಗಳು ಅನೇಕ ನಡೆದಿವೆ. ಅಂಥ ವಿಭಾಗದವರಿಗೆ ಯಕ್ಷಗಾನ ಎಂದರೇನು ಎಂದು ಮೊದಲಿಂದ ವಿವರಿಸಬೇಕಾಗಿಯೂ ಇಲ್ಲ. ಅಮೆರಿಕದಿಂದ ಬಂದು ಇಲ್ಲಿ ಯಕ್ಷಗಾನ ಕಲಿತ ಮಾರ್ಥಾ ಆ್ಯಶ್ಟನ್ ಅವರು ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲೇ ಪ್ರಕಟವಾಗಿದೆ; ಪತ್ರದಲ್ಲಿ ಅದನ್ನು ಉಲ್ಲೇಖಿಸಿದರೆ ಓದುವವರಿಗೆ ಹಿಡಿತ ಸಿಗುತ್ತದೆ.

ಇನ್ನು ಪಿಯುಸಿಯ ಮಾತು. ಇದು ನೀವು ಯಾವ ದಾರಿ ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. ನಮ್ಮವರಿಗೆ ಹೆಚ್ಚು ಪರಿಚಿತವಾದದ್ದು ಫುಲ್‌ಬ್ರೈಟ್. ಭಾರತ ಮತ್ತು ಅಮೆರಿಕ 1950ರ ಫೆಬ್ರುವರಿಯಲ್ಲಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಈ ಯೋಜನೆಗೆ 2008ರಿಂದ ಭಾರತ ಸರ್ಕಾರವೂ ಸಮಪಾಲು ಹಣ ಹಾಕುತ್ತಿರುವುದರಿಂದ ಫುಲ್‌ಬ್ರೈಟ್–ನೆಹರೂ ಎಂಬ ಹೆಸರು ಬಂದಿದೆ. ಅಧ್ಯಾಪಕರು ಮತ್ತು ವೃತ್ತಿನಿರತರಿಗೆಂದು ಇರುವ ಅದರ ಫೆಲೋಶಿಪ್ಪಿನಲ್ಲಿ ಉನ್ನತ ಪದವಿಯ ನಿರೀಕ್ಷೆ ಇರುವುದರಿಂದ ನಿಮಗೆ ಅದು ಕಷ್ಟ. ಅದೇ ಕುಟುಂಬದ ಇನ್ನೊಂದು ಯೋಜನೆಯ ಕಡೆ ನೋಡಿ: ‘ಸ್ಕಾಲರ್ ಇನ್ ರೆಸಿಡೆನ್ಸ್’ ಎಂಬ ಅದರಲ್ಲಿ ಅರ್ಜಿ ಹಾಕುವುದು ಕಲಾವಿದರಲ್ಲ, ಅವರನ್ನು ಕರೆಸಿಕೊಳ್ಳಬಯಸುವ ಅಮೆರಿಕದ ಕಾಲೇಜು ಅಥವಾ ವಿಶ್ವವಿದ್ಯಾಲಯ. ಕಾಲೇಜು ತನಗೆ ಬೇಕಾದವರ ಹೆಸರನ್ನೇ ಸೂಚಿಸಲೂಬಹುದು. ಫುಲ್‌ಬ್ರೈಟ್ ಹೊರತಾಗಿ ವಿಶ್ವವಿದ್ಯಾಲಯಗಳು ಸ್ವಂತ ಹಣದಿಂದ ಕೊಡುವ ಸ್ಥಾನಗಳೂ ಇವೆ. ಅಲ್ಲಿ ಅಂಕಪಟ್ಟಿಗಿಂತ ನೀವು ಯಾರ ಬಳಿ ಕಲಿತಿರಿ, ಎಷ್ಟು ವರ್ಷ ರಂಗಸ್ಥಳದಲ್ಲಿದ್ದೀರಿ, ಯಾರಿಗೆ ಕಲಿಸಿದ್ದೀರಿ ಎಂಬುದಕ್ಕೆ ಬೆಲೆ ಹೆಚ್ಚು.

ಎರಡೂ ದಾರಿಗಳಲ್ಲಿ ಮೊದಲ ಹೆಜ್ಜೆ ಒಂದೇ: ನಿಮ್ಮನ್ನು ಬಯಸುವ ಒಬ್ಬ ಅಧ್ಯಾಪಕರು ಆ ವಿಭಾಗದೊಳಗೆ ಇರಬೇಕು. ಅರ್ಜಿಯ ನಮೂನೆಯನ್ನು ಹುಡುಕುವ ಮೊದಲು ಅವರನ್ನು ಹುಡುಕಿ. ವಿಭಾಗದ ಜಾಲತಾಣದಲ್ಲಿ ಪ್ರತಿ ಅಧ್ಯಾಪಕರ ಆಸಕ್ತಿಯ ವಿಷಯ ಬರೆದಿರುತ್ತದೆ. ದಕ್ಷಿಣ ಏಷ್ಯಾದ ರಂಗಭೂಮಿ, ಮುಖವರ್ಣಿಕೆ, ಆಶುನಟನೆ ಎಂಬ ಮಾತುಗಳು ಕಂಡಲ್ಲಿಗೆ ಬರೆಯಿರಿ. ಐವತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ. ನಾಲ್ಕೈದು ಜನರಿಗೆ, ಅವರ ಕೆಲಸವನ್ನು ಓದಿದ್ದೀರಿ ಎಂದು ತೋರುವಂತೆ ಬರೆದರೆ ಸಾಕು. ಪತ್ರವನ್ನು ಬಲ್ಲವರಿಂದ ಇಂಗ್ಲಿಷಿಗೆ ಮಾಡಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಆದರೆ ಆಮೇಲೆ ಸಂದರ್ಶನಕ್ಕೆ ಕಂಪ್ಯೂಟರಿನ ಪರದೆಯ ಮುಂದೆ ನೀವೇ ಕೂರಬೇಕಾಗುತ್ತದೆ. ಪತ್ರದ ಇಂಗ್ಲಿಷಿಗೂ ನಿಮ್ಮ ಇಂಗ್ಲಿಷಿಗೂ ಅಜಗಜಾಂತರವಿದ್ದರೆ ಮುಜುಗರವಾದೀತು. ಭಾಷೆ ಕಡಿಮೆ, ಕುಣಿದು ತೋರಿಸಿ ಕಲಿಸುತ್ತೇನೆ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಪ್ರಸ್ತಾವನೆಯಲ್ಲಿ ಏನಿರಬೇಕು? ಹತ್ತು ವಾರಗಳ ಒಂದು ಅವಧಿ ಎಂದಿಟ್ಟುಕೊಳ್ಳಿ. ಮೊದಲ ಮೂರು ವಾರ ಏಕ, ರೂಪಕ, ಝಂಪೆ, ಅಷ್ಟತಾಳಗಳನ್ನು ಕೈಯಲ್ಲಿ ಹಾಕಿಸಿ ಹೆಜ್ಜೆ ಹಿಡಿಸುವುದು. ಮುಂದಿನ ಎರಡು ವಾರ ಪ್ರವೇಶದ ಕುಣಿತ ಮತ್ತು ಒಡ್ಡೋಲಗದ (ಮುಖ್ಯ ಪಾತ್ರಗಳ ವೈಭವದ ರಂಗಪ್ರವೇಶದ) ಕ್ರಮ. ಆಮೇಲೆ ರಾಮಾಯಣದ ಒಂದೇ ಒಂದು ಸನ್ನಿವೇಶ, ಉದಾಹರಣೆಗೆ ಶೂರ್ಪನಖಿ ರಾಮನೆದುರು ಬರುವುದನ್ನು ಎತ್ತಿಕೊಂಡು, ಪದ್ಯ ಕನ್ನಡದಲ್ಲಿ, ಅರ್ಥ ವಿದ್ಯಾರ್ಥಿಗಳ ಸ್ವಂತ ಇಂಗ್ಲಿಷಿನಲ್ಲಿ ಆಗುವಂತೆ ಕಟ್ಟುವುದು. ಕೊನೆಯ ವಾರ ಅವರವರ ಮುಖಕ್ಕೆ ಅವರವರೇ ಬಣ್ಣ ಬರೆದುಕೊಂಡು ಮುಕ್ಕಾಲು ಗಂಟೆಯ ಆಟ. ಅರ್ಥಗಾರಿಕೆಯ ಅಂಶವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದರೂ ತಪ್ಪಿಲ್ಲ. ಬರೆದಿಟ್ಟ ಸಂಭಾಷಣೆಯಿಲ್ಲದೆ, ಪದ್ಯದ ಆಶಯವನ್ನು ಹಿಡಿದು, ಎದುರಿನ ಪಾತ್ರಧಾರಿಯ ಮಾತಿಗೆ ಅಲ್ಲಲ್ಲೇ ಮಾತು ಹೆಣೆಯುವ ಈ ವಿದ್ಯೆ ನಮಗೆ ತೀರಾ ಸಹಜವಾಗಿ ಕಂಡರೂ, ಬರೆದ ನಾಟಕವನ್ನೇ ಬಾಯಿಪಾಠ ಮಾಡಿ ಬೆಳೆದ ನಟ ವಿದ್ಯಾರ್ಥಿಗೆ ಅದು ಹೊಸ ಲೋಕ.

ಹಿಮ್ಮೇಳದ ಪ್ರಶ್ನೆಗೆ ಸಿಹಿಯಾದ ಉತ್ತರ ನನ್ನಲ್ಲಿಲ್ಲ. ದಿನನಿತ್ಯದ ತಾಲೀಮಿಗೆ ಧ್ವನಿಮುದ್ರಣ ಸಾಕು, ಪ್ರದರ್ಶನಕ್ಕೆ ಸಾಲದು. ಭಾಗವತರು ವೇಷಧಾರಿಯ ಉಸಿರನ್ನು ನೋಡಿ ಪದ್ಯ ಎತ್ತುವವರು, ಯಂತ್ರಕ್ಕೆ ಅದು ತಿಳಿಯದು. ಆದ್ದರಿಂದ ಮದ್ದಳೆಯನ್ನೂ ಬಾರಿಸಬಲ್ಲ ಒಬ್ಬ ಭಾಗವತರನ್ನು ಕೊನೆಯ ಎರಡು ವಾರಕ್ಕಾದರೂ ಕರೆಸುವ ಖರ್ಚನ್ನು ಪ್ರಸ್ತಾವನೆಯ ಬಜೆಟ್ಟಿನಲ್ಲಿ ಮೊದಲೇ ತೋರಿಸಿ. ಆಮೇಲೆ ಕೇಳಿದರೆ ಹಣ ಹುಟ್ಟುವುದಿಲ್ಲ.

ಕಾಲದ ಲೆಕ್ಕವನ್ನೂ ಹಾಕಿಕೊಳ್ಳಿ. ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ, ಅಂದರೆ ಆಟಗಳ ಋತು ಮುಗಿಯುವ ದಿನದವರೆಗೆ. ಅಲ್ಲಿನ ಪಾಠದ ವರ್ಷ ಆರಂಭವಾಗುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಮೊದಲ ಅವಧಿಯನ್ನೇ ಕೇಳಿದರೂ ಡಿಸೆಂಬರಿನ ನಡುವಿನ ತನಕ ಮೇಳಕ್ಕೆ ರಜೆ ಹೇಳಬೇಕಾಗುತ್ತದೆ. ಯಜಮಾನರೊಡನೆ ಈ ಮಾತು ಮೊದಲೇ ಆಗಿರಲಿ. ವಿಭಾಗಗಳು ಒಂದು, ಒಂದೂವರೆ ವರ್ಷ ಮುಂಚಿತವಾಗಿಯೇ ಹಣ ಮತ್ತು ತರಗತಿ ಗೊತ್ತುಮಾಡಿಕೊಳ್ಳುವುದರಿಂದ ಈಗ ಬರೆದ ಪತ್ರದ ಫಲ ಮುಂದಿನ ವರ್ಷದ ಆಚೆಗೆ ಎಂದು ತಿಳಿದಿರಿ.

ಪ್ರಶ್ನೆ: ನಾನು ವೈಣಿಕಳು. ಅಮೆರಿಕದ ವಿಶ್ವವಿದ್ಯಾಲಯವೊಂದರ ಸಂಗೀತ ವಿಭಾಗ ಒಂದು ಸೆಮಿಸ್ಟರಿಗೆ ಆಹ್ವಾನಿಸಿದ್ದು, ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾ ಎಂದು ತಿಳಿಸಿದೆ. ವಾರಾಂತ್ಯಗಳಲ್ಲಿ ಅಲ್ಲಿನ ಕನ್ನಡ ಕೂಟಗಳಲ್ಲಿ ಕಛೇರಿ ಮಾಡಿ ಸಂಭಾವನೆ ಪಡೆಯಬಹುದೇ? ತೆರಿಗೆ ಇತ್ಯಾದಿ ವಿಚಾರದಲ್ಲಿ ಏನು ಎಚ್ಚರ ವಹಿಸಬೇಕು?
ವೀಣಾ ಕಲಾವಿದೆ, ಮೈಸೂರು

ಉತ್ತರ: ಅನುಮತಿಯಿಲ್ಲದೆ ಪಡೆಯಬೇಡಿ. ಜೆ-1 ವೀಸಾದಲ್ಲಿ ನೀವು ದುಡಿಯಬಹುದಾದದ್ದು ಡಿಎಸ್-2019 ಎಂಬ ನಮೂನೆಯಲ್ಲಿ ಬರೆದಿರುವ ಕೆಲಸವನ್ನು ಮಾತ್ರ. ಉಪನ್ಯಾಸದಂಥ ಬಿಡಿ ಕಾರ್ಯಕ್ರಮಗಳು ನಿಮ್ಮ ಬೋಧನೆಗೆ ಸಂಬಂಧಪಟ್ಟಿದ್ದರೆ, ವಿಶ್ವವಿದ್ಯಾಲಯದಲ್ಲಿ ಈ ವೀಸಾಗಳನ್ನು ನೋಡಿಕೊಳ್ಳುವ ಅಧಿಕಾರಿ ಮುಂಚಿತವಾಗಿ ಲಿಖಿತ ಒಪ್ಪಿಗೆ ಕೊಡಬಹುದು. ಹಣ ಕೊಟ್ಟು ಮಾಡಿಸುವ ಕಛೇರಿ ಆ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಅವರನ್ನೇ ಕೇಳಿ ನಿರ್ಧರಿಸಿ. ಕೂಟದವರು ಪ್ರೀತಿಯಿಂದ ಕರೆಯುತ್ತಾರೆ, ಕವರಿನಲ್ಲಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರೂ ಸಿಗುತ್ತಾರೆ. ಮುಂದಿನ ವೀಸಾಕ್ಕೆ ತೊಡಕಾದರೆ ಅವರಾರೂ ಜೊತೆಗಿರುವುದಿಲ್ಲ. ಕಛೇರಿಗಳ ಪ್ರವಾಸವೇ ಉದ್ದೇಶವಾದರೆ ಅದಕ್ಕೆ ಪಿ-3 ಎಂಬ ಬೇರೆಯೇ ವೀಸಾ ಇದೆ.

ಕರಾರು ಪತ್ರದಲ್ಲಿ ನಿಮ್ಮ ಕೆಲಸವನ್ನು ‘ಬೋಧನೆ’ ಎಂದು ಬರೆದಿದೆಯೇ, ‘ಪ್ರದರ್ಶನ’ ಎಂದೇ ನೋಡಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೆಯ ವಿಧಿಯ ಪ್ರಕಾರ, ವಿಶ್ವವಿದ್ಯಾಲಯದಲ್ಲಿ ಕಲಿಸಲು ಹೋದವರಿಗೆ ಆ ಸಂಬಳದ ಮೇಲೆ ಅಮೆರಿಕದ ಆದಾಯ ತೆರಿಗೆಯಿಂದ ಎರಡು ವರ್ಷಗಳವರೆಗೆ ವಿನಾಯಿತಿಯುಂಟು; ಅದಕ್ಕಾಗಿ 8233 ಎಂಬ ನಮೂನೆಯನ್ನು ವಿಶ್ವವಿದ್ಯಾಲಯದ ವೇತನ ಶಾಖೆಗೆ ಕೊಡಬೇಕು. ಪ್ರದರ್ಶನದ ಸಂಭಾವನೆಗೆ ಆ ವಿಧಿ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ಶೇ 30ರಷ್ಟು ಕಡಿತವಾಗಿ ಕೈಗೆ ಬರುತ್ತದೆ. ಮೊದಲ ಸಂಬಳ ಬರುವುದಕ್ಕೆ ಕೆಲವು ವಾರ ಹಿಡಿಯುವುದರಿಂದ ಮುಂಗಡ ಕೊಡುತ್ತಾರೆಯೇ, ಬಾಡಿಗೆಯ ಠೇವಣಿ ಯಾರದು ಎಂದು ಹೊರಡುವ ಮೊದಲೇ ಕೇಳಿಕೊಳ್ಳುವುದು ಜಾಣತನ. ಆರೋಗ್ಯ ವಿಮೆ ಕಡ್ಡಾಯ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಭರಿಸುವಂಥದ್ದಾಗಿರಬೇಕೆಂಬುದು ಜೆ-1 ನಿಯಮ.

ಸರ್ಕಾರದ ಹಣ ಸೇರಿದ್ದರೆ, ಫುಲ್‌ಬ್ರೈಟ್‌ನಂತೆ, ಅವಧಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿದ್ದ ನಂತರವೇ ಎಚ್-1ಬಿ ಉದ್ಯೋಗ ವೀಸಾ ಅಥವಾ ಗ್ರೀನ್ ಕಾರ್ಡ್ ಸಿಗುವುದು. ಪ್ರವಾಸಕ್ಕೆ ಮತ್ತೆ ಹೋಗಲು ಅಡ್ಡಿಯಿಲ್ಲ.

ವೀಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈಸೂರಿನ ಹಳೆಯ ವೀಣೆಗಳಲ್ಲಿ ದಂತದ ಕುಸುರಿ ಇರುತ್ತದೆ. ಅಂಥದ್ದನ್ನು ಅಜ್ಜಿಯ ವೀಣೆಯೆಂದು ಅಭಿಮಾನದಿಂದ ಕೊಂಡೊಯ್ಯಬೇಡಿ; ಆನೆದಂತದ ಮೇಲೆ ಎರಡೂ ದೇಶಗಳಲ್ಲಿ ಕಠಿಣ ನಿರ್ಬಂಧವಿದ್ದು, ವಾದ್ಯ ಜಪ್ತಿಯಾದರೆ ಬಿಡಿಸಿಕೊಳ್ಳುವ ಭರವಸೆಯಿಲ್ಲ. ಪ್ಲಾಸ್ಟಿಕ್ ಕುಸುರಿಯ ಈಗಿನ ವೀಣೆಯನ್ನೇ ಒಯ್ಯಿರಿ, ಕೊಂಡ ರಸೀದಿ ಜೊತೆಗಿರಲಿ.

ಪ್ರಶ್ನೆ: ಇಂಥ ಅರ್ಜಿಗಳಿಗೆ ಹತ್ತು ನಿಮಿಷದ ವಿಡಿಯೊ ಕೇಳುತ್ತಾರೆ. ನನ್ನ ಹಿಂದೂಸ್ತಾನಿ ಗಾಯನದ ರಾಗವಿಸ್ತಾರಕ್ಕೇ ನಲವತ್ತು ನಿಮಿಷ ಬೇಕು. ಯಾವುದನ್ನು ಕಳಿಸಲಿ?
ಗಾಯಕ, ಧಾರವಾಡ

ಉತ್ತರ: ಹತ್ತು ನಿಮಿಷವನ್ನು ಎರಡಾಗಿ ಮಾಡಿ. ಮೊದಲ ಆರು ನಿಮಿಷಕ್ಕೆ ಕಛೇರಿಯ ಒಂದೇ ತುಣುಕು: ಆಲಾಪದ ಆರಂಭವಲ್ಲ, ವಿಲಂಬಿತದಲ್ಲಿ ಬಢತ್ (ರಾಗದ ಹಂತಹಂತದ ವಿಸ್ತಾರ) ಕಾವೇರಿದ ಘಟ್ಟ. ಕತ್ತರಿಸಿ ಜೋಡಿಸಿದ ತುಣುಕುಗಳ ಮಾಲೆ ಬೇಡ. ಕೇಳುವವರಿಗೆ ಏನನ್ನೋ ಮುಚ್ಚಿಟ್ಟಂತೆ ತೋರುತ್ತದೆ. ಉಳಿದ ನಾಲ್ಕು ನಿಮಿಷ ನೀವು ಶಿಷ್ಯರಿಗೆ ಪಾಠ ಹೇಳುತ್ತಿರುವುದು, ಅದೂ ಆರಂಭದ ಹಂತದವರಿಗೆ. ಶಿಷ್ಯ ಸ್ವರ ತಪ್ಪಿದಾಗ ನೀವು ತಿದ್ದುವ ಗಳಿಗೆ ಅದರಲ್ಲಿದ್ದರೆ ತೆಗೆಯಬೇಡಿ, ಆಯ್ಕೆ ಮಾಡುವವರು ನೋಡಲು ಬಯಸುವುದು ಅದನ್ನೇ. ಮೊಬೈಲಿನ ಚಿತ್ರ ಸಾಕು. ಧ್ವನಿಗೆ ಮಾತ್ರ ಪ್ರತ್ಯೇಕ ಮೈಕ್ ಇರಲಿ, ತಾನಪೂರದ ಶ್ರುತಿ ಗಂಟಲನ್ನು ಮುಚ್ಚದಿರಲಿ. ರಾಗ, ತಾಳ, ಸಾಥಿದಾರರ ಹೆಸರು, ಸ್ಥಳ, ವರ್ಷ ಇವನ್ನು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬರೆಸಿ. ಕಳಿಸುವ ಮುನ್ನ ಬೇರೊಬ್ಬರ ಫೋನಿನಲ್ಲಿ ಲಿಂಕ್ ತೆರೆದು ನೋಡಿ. ತೆರೆಯಲು ಅನುಮತಿ ಕೇಳುವ ಲಿಂಕ್ ಬಂದರೆ ನೂರಾರು ಅರ್ಜಿಗಳ ನಡುವೆ ಯಾರೂ ನಿಮ್ಮ ಒಪ್ಪಿಗೆಗೆ ಕಾಯುತ್ತ ಕೂರುವುದಿಲ್ಲ.