‘ನಾನು’ ತೆಗೆದು ‘ಅವನು’ ಹಾಕುವ ಮುಂಚೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಣ್ಣ ‘ನಾನು’ ಅಂತ ಹೇಳಿಕೊಂಡು ಹೋಗುವ ಕಾದಂಬರಿ, 40 ಪುಟ ಆಗಿದೆ. ಈಗ ತಂಗಿಗೆ ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪನ ಕಾಗದ ಸಿಗಬೇಕು, ಆದರೆ ಆ ಹೊತ್ತಿಗೆ ಅಣ್ಣ ಅಲ್ಲಿಲ್ಲ. ಅದಕ್ಕೆ ಇಡೀ ಬರಹವನ್ನು ‘ಅವನು’ ಅಂತ ಬದಲಾಯಿಸಿಬಿಡಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಯಾಕೆ ಅಂತ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಪ್ರಶ್ನೆಗೆ ನನಗಿಂತ ಮುಂಚೆ ಉತ್ತರ ಬರೆದ ಕೆಲವರು ‘ಪ್ರಥಮ ಪುರುಷದಲ್ಲೇ ಇರಲಿ’ ಅಂದಿದ್ದಾರೆ. ಕನ್ನಡ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ‘ಅವನು, ಅವಳು’. ‘ನಾನು’ ಉತ್ತಮ ಪುರುಷ. ಇಂಗ್ಲಿಷಿನ ಎಣಿಕೆ ಇದಕ್ಕೆ ತಿರುಗುಮುರುಗು. ಅದರಿಂದಲೇ ಇಲ್ಲಿ ಅರ್ಧ ಚರ್ಚೆ ಗೊಂದಲವಾಗಿದೆ. ನಾನು ಸುಮ್ಮನೆ ‘ನಾನು’ ಕಥನ, ‘ಅವನು’ ಕಥನ ಅಂತಲೇ ಬರೆಯುತ್ತೇನೆ.

ಓದುಗರಿಗೆ ಬೇಕಾಗಿರುವುದು ಕಾಗದ ಸಿಕ್ಕ ಗಳಿಗೆಯೋ, ಅದನ್ನು ತಂಗಿ ಮುಚ್ಚಿಟ್ಟಳು ಅನ್ನುವುದೋ? ಎರಡನೆಯದಾದರೆ ನಿಮ್ಮ ಅಣ್ಣ ಅಲ್ಲಿಲ್ಲದಿರುವುದು ತೊಡಕೇ ಅಲ್ಲ. ‘ನಾನು’ ಕಥನದ ಬಲ ಇರುವುದು ಆ ‘ನಾನು’ವಿಗೆ ಗೊತ್ತಿಲ್ಲದ್ದರಲ್ಲಿ. ಹೀಗೆ ಬರೆದು ನೋಡಿ:

“ತಂಗಿ ಕೆಳಗಿಳಿದು ಬಂದಳು. ಕೈಗೆಲ್ಲ ಧೂಳು ಮೆತ್ತಿತ್ತು. ‘ಮೇಲೆ ಏನು ಮಾಡ್ತಿದ್ದೆ?’ ಅಂದೆ. ‘ಏನಿಲ್ಲ, ಸುಮ್ನೆ’ ಅಂದಳು. ಅವಳು ಸುಮ್ಮನೆ ಅಟ್ಟ ಹತ್ತುವವಳಲ್ಲ.”

ಕಾಗದದ ಸುದ್ದಿಯೇ ಇಲ್ಲ. ಆದರೂ ಏನೋ ಸಿಕ್ಕಿದೆ ಅಂತ ಓದುವವರಿಗೆ ಗೊತ್ತಾಗುತ್ತದೆ, ಅಣ್ಣನ ಜೊತೆ ಅವರೂ ಕಾಯುತ್ತಾರೆ.

ಇಲ್ಲ, ಕಾಗದ ಓದುವಾಗ ತಂಗಿಯ ಒಳಗೆ ಆಗುವುದೇ ಮುಖ್ಯ ಅನ್ನುವುದಾದರೆ ಅವಳ ಹತ್ತಿರವೇ ಹೋಗಬೇಕು. ಆಗ ‘ಅವಳು’ ಕಥನ:

“ಅಕ್ಷರ ಅಪ್ಪನದೇ. ಇದನ್ನು ಅಣ್ಣನಿಗೆ ತಾನು ಹೇಗೆ ತೋರಿಸುವುದು? ತೋರಿಸದಿದ್ದರೆ ತಾನೂ ಅಪ್ಪನ ಹಾಗೇ ಆದಂತಲ್ಲವೇ?”

ಇಲ್ಲಿ ‘ತಾನು’ ಮಾಡುವ ಕೆಲಸ ನೋಡಿ. ‘ಎಂದು ಅವಳು ಯೋಚಿಸಿದಳು’ ಅಂತ ಎಲ್ಲೂ ಬರೆದಿಲ್ಲ, ಆದರೂ ಇದು ಅವಳದೇ ಯೋಚನೆ. ‘ತಾನು’ ಇದ್ದ ಕಡೆ ‘ಅವಳು’ ಹಾಕಿ ಓದಿ: “ಇದನ್ನು ಅಣ್ಣನಿಗೆ ಅವಳು ಹೇಗೆ ತೋರಿಸುವುದು?” ಪ್ರಶ್ನೆ ಪಕ್ಕದಲ್ಲಿ ನಿಂತ ಬೇರೆ ಯಾರೋ ಕೇಳಿದಂತಾಯಿತು. ಒಂದೇ ಪದಕ್ಕೆ ನಿರೂಪಕ ಅವಳ ಮನಸ್ಸಿನಿಂದ ಹೊರಗೆ ಬಂದುಬಿಟ್ಟ. ನಮ್ಮ ಭಾಷೆಯಲ್ಲಿ ಇಷ್ಟು ಒಳ್ಳೆ ಸಾಧನ ಇರುವಾಗ ‘ಅಂದುಕೊಂಡಳು, ಅನ್ನಿಸಿತು’ ಅಂತ ಪ್ರತಿ ಸಾಲಿಗೂ ಬಾಲ ಕಟ್ಟುವುದನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹಾಗೆಯೇ ‘ಬಂದ’, ‘ಬಂದರು’. ನಿರೂಪಣೆಯಲ್ಲಿ ‘ಅಪ್ಪ ಬಂದರು’ ಅಂದರೆ ಮಗಳ ಕಣ್ಣು, ಅದೇ ಅಪ್ಪನನ್ನು ಹೆಸರು ಹಿಡಿದು ‘ರಾಮಯ್ಯ ಬಂದ’ ಅಂದರೆ ಹೊರಗಿನವರ ಕಣ್ಣು. ಒಂದೇ ದೃಶ್ಯದಲ್ಲಿ ಎರಡೂ ಕಲಸಿದರೆ ಯಾರು ನೋಡುತ್ತಿದ್ದಾರೆ ಅನ್ನುವುದೇ ತಪ್ಪಿಹೋಗುತ್ತದೆ. ಬೇಕಂತಲೇ ಬದಲಾಯಿಸಿದರೆ ಅದಕ್ಕೂ ಅರ್ಥ ಬರುತ್ತದೆ: ಕಾಗದ ಓದಿದ ಮೇಲಿನ ಪುಟಗಳಲ್ಲಿ ‘ಅಪ್ಪ ಹೇಳಿದ್ದರು’ ಹೋಗಿ ‘ಅಪ್ಪ ಹೇಳಿದ್ದ’ ಆಯಿತು ಅಂದುಕೊಳ್ಳಿ. ಅವಳ ಸಿಟ್ಟನ್ನು ಬೇರೆಯಾಗಿ ವಿವರಿಸಬೇಕಾಗಿಯೇ ಇಲ್ಲ.

ಮೂರನೇ ದಾರಿಯೂ ಇದೆ, ನಿಮ್ಮ ಕತೆಗೆ ಇದೇ ಹೊಂದೀತು ಅಂತ ನನಗೆ ಅನ್ನಿಸುತ್ತದೆ. ಅಣ್ಣನೇ ಹೇಳಲಿ, ಆದರೆ ಎಷ್ಟೋ ವರ್ಷ ಕಳೆದ ಮೇಲೆ, ತಂಗಿಯ ಬಾಯಿಂದ ಕೇಳಿದ್ದನ್ನು. “ಮುಚ್ಚಳ ತೆಗೆಯುವಾಗ ಅವಳ ಕೈ ನಡುಗಿತಂತೆ.” ಮೊದಲ ಎರಡು ಮೂರು ವಾಕ್ಯಕ್ಕೆ ‘ಅಂತೆ’ ಸಾಕು. ಆಮೇಲೆ ಮೆಲ್ಲಗೆ ಬಿಟ್ಟು ನೇರವಾಗಿ ಬರೆಯಿರಿ, ಓದುಗರು ಒಪ್ಪಿಕೊಂಡು ಬರುತ್ತಾರೆ. ಕೊನೆಯಲ್ಲಿ ಇನ್ನೊಮ್ಮೆ ತಂದರೆ ಸಾಕು. ಪ್ರತಿ ವಾಕ್ಯಕ್ಕೂ ‘ಅಂತೆ’ ಬಂದರೆ ಕಿವಿಗೆ ಕಿರಿಕಿರಿ.

ಇದಕ್ಕೆ ನೀವು ಇನ್ನೊಂದು ತೀರ್ಮಾನ ಮಾಡಬೇಕಾಗುತ್ತದೆ: ನಿಮ್ಮ ‘ನಾನು’ ಯಾವ ವಯಸ್ಸಿನಲ್ಲಿ ಕೂತು ಹೇಳುತ್ತಿದ್ದಾನೆ? ಘಟನೆ ನಡೆಯುವಾಗ ಅವನಿಗೆ 20 ಅಂದಿದ್ದೀರಿ. ಹೇಳುವಾಗಲೂ 20 ಆದರೆ ಅಪ್ಪನನ್ನು ಅವನು ಕ್ಷಮಿಸುವ ಧಾಟಿಯಲ್ಲಿ ಮಾತಾಡಲಾರ. 50 ಆದರೆ ಮಾತಾಡಬಲ್ಲ, ಆದರೆ ಆಗಿನ ಸಿಟ್ಟನ್ನು ನೆನಪಿನಿಂದ ತೆಗೆದು ತೋರಿಸಬೇಕು. ನೀವು ಹಾಕಿದ ತುಣುಕಿನಲ್ಲಿ ಎರಡು ವಯಸ್ಸೂ ಒಂದೇ ಪ್ಯಾರಾದಲ್ಲಿ ಸೇರಿಕೊಂಡಿವೆ. ನನ್ನ ಪ್ರಕಾರ ನಿಮಗೆ ಕಾಡುತ್ತಿರುವ ತೊಡಕು ಅಟ್ಟದ ದೃಶ್ಯಕ್ಕಿಂತ ಹೆಚ್ಚಾಗಿ ಇದೇ.

ಅಧ್ಯಾಯಕ್ಕೊಬ್ಬರಂತೆ ಅಣ್ಣ, ತಂಗಿ ಇಬ್ಬರಿಂದಲೂ ಹೇಳಿಸಬಹುದು. ಆದರೆ 40 ಪುಟ ಒಬ್ಬನೇ ಮಾತಾಡಿ, ಒಂದು ಕಾಗದಕ್ಕೋಸ್ಕರ ಮಾತ್ರ ತಂಗಿ ಬಾಯಿ ತೆರೆದರೆ ಅದು ಲೇಖಕರ ಅನುಕೂಲ ಅಂತ ತಕ್ಷಣ ಗೊತ್ತಾಗುತ್ತದೆ. ಅವಳ ದನಿ ಎರಡನೇ ಅಧ್ಯಾಯದಿಂದಲೇ ಬರಬೇಕು, ಅಣ್ಣನ ದನಿಗಿಂತ ಬೇರೆಯಾಗಿಯೂ ಕೇಳಿಸಬೇಕು. ಎಲ್ಲರ ಮನಸ್ಸೂ ಬಲ್ಲ ಸರ್ವಜ್ಞ ನಿರೂಪಕ ದೊಡ್ಡ ಸಂಸಾರದ ಕತೆಗೆ ಚೆನ್ನ, ಇಬ್ಬರ ನಡುವಿನ ಗುಟ್ಟಿಗೆ ಅಷ್ಟಾಗಿ ಅಲ್ಲ: ಎಲ್ಲ ಬಲ್ಲವನು ಕಾಗದವನ್ನು ಮಾತ್ರ ಯಾಕೆ ಮುಚ್ಚಿಟ್ಟ ಅಂತ ಓದುಗರು ಕೇಳುತ್ತಾರೆ. ‘ನೀನು’ ಕಥನ ಇಲ್ಲಿಗೆ ಬೇಡವೇ ಬೇಡ.

ಬದಲಾಯಿಸಲೇಬೇಕು ಅಂತಾದರೂ ಕಂಪ್ಯೂಟರಿನಲ್ಲಿ ‘ನಾನು’ ಹುಡುಕಿ ‘ಅವನು’ ಹಾಕಬೇಡಿ. ಒಂದು ನೀಳ್ಗತೆಗೆ ನಾನು ಹಾಗೆ ಮಾಡಿದ್ದೆ. ‘ಹೋದೆ, ನೋಡಿದೆ’ಗಳನ್ನು ‘ಹೋದ, ನೋಡಿದ’ ಅಂತ ಒಂದೊಂದಾಗಿ ಕೈಯಲ್ಲೇ ತಿದ್ದಬೇಕಾಯಿತು. ನಮ್ಮಲ್ಲಿ ‘ನಾನು’ ಇಲ್ಲದೆಯೂ ಕ್ರಿಯಾಪದವೇ ‘ನಾನು’ ಅನ್ನುತ್ತದಲ್ಲ. ಅಷ್ಟೆಲ್ಲ ತಿದ್ದಿದ ಮೇಲೂ ಕತೆ ಬದಲಾಗಿರಲಿಲ್ಲ. ಅವನಿಗೆ ಕಾಣದ್ದು ಒಂದೂ ಹೊಸದಾಗಿ ಕಂಡಿರಲಿಲ್ಲ. ಎರಡು ವಾರದ ಕೆಲಸ ಬಿಟ್ಟು ಹಳೆಯ ಪ್ರತಿಗೇ ಮರಳಿದೆ.

ಅದಕ್ಕೆ 40 ಪುಟ ಮುಟ್ಟಬೇಡಿ. ಅಟ್ಟದ ದೃಶ್ಯ ಒಂದನ್ನೇ ಮೂರು ಬಗೆಯಲ್ಲಿ ಒಂದೊಂದು ಪುಟ ಬರೆಯಿರಿ: ಅಣ್ಣನಿಗೆ ಧೂಳು ಮಾತ್ರ ಕಂಡ ಹಾಗೆ, ತಂಗಿಯ ‘ತಾನು’ವಿನಲ್ಲಿ, ಅಣ್ಣನ ‘ಅಂತೆ’ಯಲ್ಲಿ. ಒಂದು ದಿನ ಬಿಟ್ಟು ಗಟ್ಟಿಯಾಗಿ ಓದಿ, ಎಲ್ಲೆಲ್ಲಿ ನೀವೇ ನಡುವೆ ಬಂದು ವಿವರಣೆ ಕೊಡಬೇಕಾಯಿತೋ ಅಲ್ಲಿ ಗೆರೆ ಎಳೆಯಿರಿ. ಗೆರೆ ಕಡಿಮೆ ಇರುವ ಪುಟದಿಂದ ಮುಂದುವರಿಸಿ. ಮೂರನ್ನೂ ಇಲ್ಲಿ ಹಾಕಿದರೆ ಖಂಡಿತ ಕೂತು ಓದುತ್ತೇನೆ.