ಉಪ್ಪಿನ ಸತ್ಯಾಗ್ರಹದ ಪಾಠಕ್ಕೆ ಉಪ್ಪನ್ನೇ ಮಾಡಿಸಿ

ಮೇಡಂ, ಐದನೇ ಕ್ಲಾಸಿನ ಮಕ್ಕಳಿಗೆ ಉಪ್ಪಿನ ಸತ್ಯಾಗ್ರಹ ಬರೀ ಬಾಯಿಪಾಠ ಆಗುತ್ತಿದೆ, ಕೈಯಾರೆ ಮಾಡಿಸಲು ಏನಿದೆ ಎಂದು ಕೇಳಿದ್ದೀರಿ. ನೀವಿರುವುದು ಸಮುದ್ರದ ಪಕ್ಕದ ಅಂಕೋಲಾದಲ್ಲಿ ಅಲ್ವಾ? ಹಾಗಾದರೆ ಉಪ್ಪನ್ನೇ ಮಾಡಿಸಿ.

ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ಸಮುದ್ರದ ನೀರನ್ನು ತೆಳ್ಳಗೆ ಹಾಕಿ. ಒಂದು ತಟ್ಟೆ ಬಿಸಿಲಿಗೆ, ಒಂದು ನೆರಳಿಗೆ. ಇನ್ನೊಂದರಲ್ಲಿ ಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯ ನೀರಿರಲಿ. ಮೊದಲು ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಆಮೇಲೆ ಹರಳು. ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಳಿವೆಯ ನೀರಲ್ಲಿ ಕಡಿಮೆ. ಮಳೆಗಾಲದಲ್ಲಿ ಮಾತ್ರ ಬೇಡ. ಆ ಉಪ್ಪನ್ನು ತಿನ್ನಲೂ ಬಿಡಬೇಡಿ.

ಉಪ್ಪು ಸಿಕ್ಕ ಮೇಲೆ ಒಬ್ಬ ಹುಡುಗ ಬ್ರಿಟಿಷ್ ಅಧಿಕಾರಿಯಾಗಿ ಬಂದು ತೆರಿಗೆ ಕೇಳಲಿ, ಇಲ್ಲವೇ ಉಪ್ಪನ್ನೇ ಕಿತ್ತುಕೊಳ್ಳಲಿ. ‘ನಮ್ಮ ಉಪ್ಪಿಗೆ ನಿಮಗ್ಯಾಕೆ ದುಡ್ಡು?’ ಎಂದು ಮಕ್ಕಳೇ ಜಗಳಕ್ಕೆ ನಿಲ್ಲುತ್ತಾರೆ. 1930ರ ಏಪ್ರಿಲ್‌ನಲ್ಲಿ ದಂಡಿಯಲ್ಲೂ ನಿಮ್ಮ ಅಂಕೋಲಾದಲ್ಲೂ ಜನ ಕಾನೂನು ಮುರಿದ ಕಥೆ ಆಗ ಹೇಳಿ, ಮೊದಲೇ ಬೇಡ.

ಆಗುವುದಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೂ ಕರೆದುಕೊಂಡು ಹೋಗಿ. ಬೇಸಿಗೆಯ ಬೆಳಿಗ್ಗೆ ಒಳ್ಳೆಯದು, ಟೋಪಿ ಮತ್ತು ಕುಡಿಯುವ ನೀರು ಜಾಸ್ತಿಯೇ ಇರಲಿ.